ಫಾದರ್ ಮಲಾಕಿ ಮಾಡಿದ ಫೋನು

ಕಾರ್ನರ್ ಮನೆಯ ಕಾನರ್ ಟಿಯರ್ನಿ ತನ್ನ ಮುತ್ತಜ್ಜನ ಅಪ್ಪನನ್ನು ಹುಡುಕಲು ಹೊರಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹುಡುಕಿಕೊಳ್ಳಲಿ, ಪಾಪ. ಅದಕ್ಕೆ ಪಕ್ಕದ ಮನೆಯವನ ಹೆಂಡತಿಯೇ ಬೇಕಾಗಿತ್ತೆ ಎಂಬುದಷ್ಟೇ ಆ ಪಕ್ಕದ ಮನೆಯವನ, ಅಂದರೆ ಸುಹಾಸನ, ಪ್ರಶ್ನೆ.

ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡಿನ ಆ ಸಾಲಿನಲ್ಲಿ ಮನೆಗಳು ಮದುವೆ ಊಟದ ಪಂಕ್ತಿಯ ಹಾಗೆ ಒಂದಕ್ಕೊಂದು ಭುಜ ತಾಗಿಸಿಕೊಂಡು ಕೂತಿವೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಕಾನರ್ ಅಲ್ಲಿ ಸೀನಿದರೆ ಇಲ್ಲಿ ಹೊರಗೆ ಹೊರಟವರು ಒಂದು ಗಳಿಗೆ ಕೂತು, ನೀರು ಕುಡಿದು ಹೋಗಬೇಕು. ವರ್ಷಗಟ್ಟಲೆ ಎರಡು ಮನೆಗಳ ನಡುವೆ ಇದ್ದದ್ದು ಈ ಸೀನಿನ ಸಂಬಂಧವೊಂದೇ. ಕಾನರ್ ಸರೋವರದ ದಂಡೆಯಲ್ಲಿ ದೋಣಿ ರಿಪೇರಿ ಮಾಡುವವನು. ಎತ್ತರದ ಆಳು, ಕೆಂಪು ಗಡ್ಡ, ಡೈವೋರ್ಸ್ ಆಗಿದೆ. ಈ ಮೂರರಲ್ಲಿ ಮೊದಲ ಎರಡನ್ನು ಸುಹಾಸ ಕ್ಷಮಿಸಿದ್ದ.

ಕಳೆದ ಚಳಿಗಾಲದಲ್ಲಿ ಕಾನರನ ಅಪ್ಪ ಫ್ರಾನ್ಸಿಸ್ ತೀರಿಕೊಂಡರು. ನಾವು ಯಾವ ಮನೆಯವರು, ಯಾರ ಮಕ್ಕಳು ಎಂದು ತಿಳಿಯದೆ ಹೋಗುತ್ತಿದ್ದೇನಲ್ಲ ಎಂಬುದು ಅವರ ಕೊನೆಗಾಲದ ಕೊರಗಾಗಿತ್ತಂತೆ. ಅಂಚೆ ಡಬ್ಬಗಳ ಹತ್ತಿರ ನಿಂತು ಕಾನರ್ ಇದನ್ನು ಸುಹಾಸನ ಹೆಂಡತಿ ಯಾಮಿನಿಗೆ ಹೇಳಿದ. ನೂರೈವತ್ತು ವರ್ಷಗಳ ಹಿಂದೆ ಐರ್ಲೆಂಡಿನ ಕ್ಲೇರ್ ಎಂಬ ಕೌಂಟಿಯಿಂದ ಮೈಕೆಲ್ ಟಿಯರ್ನಿ ಎಂಬ ಯುವಕ ಬ್ರಿಜೆಟ್ ಎಂಬ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿದ. ಅಮೆರಿಕದ ಆ ತುದಿಯಲ್ಲಿ ಇಳಿದು, ಈ ತುದಿಗೆ ಬಂದು, ಇಲ್ಲಿಯ ಬೆಟ್ಟಗಳ ಕಲ್ಲಿದ್ದಲು ಗಣಿಗೆ ಇಳಿದ. ಅಷ್ಟು ಗೊತ್ತು. ತೊಡಕೆಂದರೆ ಕ್ಲೇರಿನ ಆ ಊರಿನ ಚರ್ಚಿನ ದಾಖಲೆಗಳಲ್ಲಿ ಒಂದೇ ಪ್ರಾಯದ ಮೈಕೆಲ್ ಟಿಯರ್ನಿಗಳು ಇಬ್ಬರು. ಒಬ್ಬ ಡೇನಿಯಲನ ಮಗ, ಇನ್ನೊಬ್ಬ ಲಾರೆನ್ಸನ ಮಗ. ಕಾನರ್ ಯಾರ ಕುಡಿ?

ಯಾಮಿನಿಯ ನೌಕರಿಯೇ ಅದು. ಒಬ್ಬನೇ ಗಿರಾಕಿ ಕಂಪನಿಯ ಕಂಪ್ಯೂಟರಿನಲ್ಲಿ ಎರಡು ಕಡೆ ಕೂತಿದ್ದರೆ ಹಿಡಿದು ಒಬ್ಬನನ್ನಾಗಿ ಮಾಡುವುದು, ಇಬ್ಬರು ಒಬ್ಬನಾಗಿ ಹೋಗಿದ್ದರೆ ಬಿಡಿಸಿ ಇಬ್ಬರನ್ನಾಗಿ ಮಾಡುವುದು.

“ಮೈಕೆಲ್‌ಗೆ ಮೊದಲು ಹುಟ್ಟಿದ ಮಗನ ಹೆಸರೇನು?” ಎಂದು ಕೇಳಿದಳು.

“ಡೇನಿಯಲ್. ನನ್ನ ಮುತ್ತಜ್ಜ.”

“ಮತ್ತೆ ಡೇನಿಯಲ್ ಮನೆಯವನೇ ಇರಬೇಕು. ನಮ್ಮ ಕಡೆ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರೇ ಇಡೋದು.”

ಕಾನರ್ ಕೆಂಪು ಗಡ್ಡದ ನಡುವೆ ಬಾಯಿ ತೆರೆದ. ಆ ಕಾಲದ ಐರ್ಲೆಂಡಿನಲ್ಲೂ ಅದೇ ಪದ್ಧತಿಯಂತೆ. ಗೊತ್ತಿದ್ದರೂ ಅದನ್ನು ಹುಡುಕುವ ದಾರಿಯಾಗಿ ಬಳಸಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಅಂದು ಸಂಜೆಯೇ ಯಾಮಿನಿ ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಗೆ ಹೋದಳು. ಮಾರನೆಯ ಸಂಜೆಯೂ ಹೋದಳು. ವಂಶಾವಳಿಯ ಹಾವಳಿ ಹೀಗೆ ಶುರುವಾಯಿತು. ಮೂಲ ಹುಡುಕುವವನು ಕಾನರ್, ಮೂಲವ್ಯಾಧಿಯವನಂತೆ ಕೂರಲಾಗದೆ ನಿಲ್ಲಲಾಗದೆ ಒದ್ದಾಡಿದವನು ಸುಹಾಸ.

ಸುಹಾಸನೆಂದರೆ ಸಿಯಾಟಲ್ ಸುತ್ತಿನ ಕನ್ನಡಿಗರಿಗೆಲ್ಲ ಗೊತ್ತು. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ವೇದಿಕೆಯ ಮೇಲೆ ಅವನೊಬ್ಬ ನಿಂತರೆ ಹನ್ನೆರಡು ಜನ ನಿಂತ ಹಾಗೆ. ಮೈಸೂರಿನ ಮದುವೆ ಛತ್ರದ ಮ್ಯಾನೇಜರು, ವೀಸಾ ಕಚೇರಿಯ ಅಮ್ಮ, ಎರಡು ಬಾರಿ ಗಂಟಲು ಸರಿಮಾಡಿಕೊಳ್ಳದೆ ಮೂರನೆಯ ವಾಕ್ಯ ಹೇಳಲಾಗದ ಸಂಘದ ಅಧ್ಯಕ್ಷರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಹೊಸ ಧ್ವನಿಯೊಂದು ಸಿಕ್ಕಿದರೆ ಅದರ ಮೊದಲ ಪ್ರದರ್ಶನ ಯಾಮಿನಿಯ ಮುಂದೆ. ಅವಳು ನಕ್ಕರೆ ಧ್ವನಿ ಪಾಸು. ನಗುವೆಂದರೆ ಮೂಗಿನಲ್ಲಿ ಸಣ್ಣಗೆ ಗೊರಕ್ ಎಂದು ಶುರುವಾಗಿ, ಕಣ್ಣಲ್ಲಿ ನೀರು ಬಂದು, ‘ಸಾಕು ಮಾರಾಯ’ ಎಂದು ಕೈ ಬೀಸುವವರೆಗೆ. ಆ ಗೊರಕ್ ಒಂದಕ್ಕಾಗಿ ಅವನು ದಿನವಿಡೀ ಆಫೀಸಿನ ಮೀಟಿಂಗುಗಳಲ್ಲಿ ಕಿವಿ ತೆರೆದು ಕೂತಿರುತ್ತಿದ್ದ.

ಈಗ ಆ ಗೊರಕ್ ಗೋಡೆಯಾಚೆಯಿಂದ ಕೇಳಿಸತೊಡಗಿತು.

ಒಂದು ರಾತ್ರಿ ಊಟಕ್ಕೆ ಕೂತಾಗ ಯಾಮಿನಿಯ ಮುಖ ಹೊಳೆಯುತ್ತಿತ್ತು.

“ಸುಹಾಸ್, ಕೇಳು. ಇವತ್ತು ದಾಖಲೇಲಿ ಮೈಕೆಲ್ ಹೆಂಡ್ತಿ ಬ್ರಿಜೆಟ್‌ಳ ಅಮ್ಮ ಸಿಕ್ಕಿದ್ಲು. ಹೊನೋರಾ ಅಂತ. ಅವಳ ತವರುಮನೆ ಯಾವುದು ಗೊತ್ತಾ? ಅದೇ ಡೇನಿಯಲ್ ಟಿಯರ್ನಿ ಮನೆ!”

“ಸಾರಿಗೆ ಉಪ್ಪು ಕಮ್ಮಿಯಾಗಿದೆ.”

“ಹಾಕ್ಕೋ. ಅಂದ್ರೆ ಡೇನಿಯಲ್ ಮಗ ಮೈಕೆಲ್‌ಗೆ ಹೊನೋರಾ ಸ್ವಂತ ಅಕ್ಕ. ಹೆಸರಿನ ಪದ್ಧತಿ ನೋಡಿದ್ರೆ ಅವನೇ ನಮ್ಮ ಮೈಕೆಲ್. ಆದ್ರೆ...”

‘ನಮ್ಮ ಮೈಕೆಲ್’ ಎಂಬ ಮಾತು ಸುಹಾಸನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮೂಗು ಹಿಡಿದುಕೊಂಡು ಊರಿನ ಬಸ್ಸಿನ ಘೋಷಣೆಯ ಧ್ವನಿ ತೆಗೆದ: “ಮುಂದಿನ ನಿಲ್ದಾಣ, ಡೇನಿಯಲ್ ಮನೆ. ಟಿಯರ್ನಿಗಳು ದಯವಿಟ್ಟು ಹಿಂದಿನ ಬಾಗಿಲಿನಿಂದ ಇಳಿಯಿರಿ. ನಿಮ್ಮ ಮುತ್ತಜ್ಜಂದಿರನ್ನು ಸೀಟಿನ ಮೇಲೆ ಮರೆತು ಹೋಗಬೇಡಿ.”

ಒಳ್ಳೆಯ ಧ್ವನಿ. ಬೇರೆ ಯಾವ ದಿನವಾದರೂ ಪಾಸಾಗುತ್ತಿತ್ತು. ಯಾಮಿನಿ ಅವನನ್ನೇ ನೋಡಿದಳು.

“ಆದ್ರೆ ಏನು ಅಂತ ಕೇಳಲ್ವಾ?”

“ಕೇಳ್ತೀನಿ, ಕೇಳ್ತೀನಿ. ಉಪ್ಪು ಕೊಡು.”

ಉಪ್ಪು ಕೊಟ್ಟಳು. ‘ಆದ್ರೆ’ಯನ್ನು ಕೊಡಲಿಲ್ಲ.

ಶನಿವಾರ ಕ್ರಾಸ್‌ರೋಡ್ಸ್ ಮಾಲಿನ ಊಟದ ಅಂಗಳದಲ್ಲಿ ಸುಹಾಸ ತನ್ನ ಗೆಳೆಯ ಖುರ್ಷಿದನೆದುರು ಎಲ್ಲವನ್ನೂ ಕಾರಿಕೊಂಡ. ಇಬ್ಬರೂ ಮೈಸೂರಿನಲ್ಲಿ ಒಂದೇ ಕಾಲೇಜು, ಒಂದೇ ಬೆಂಚು. ಖುರ್ಷಿದ್ ಸಮೋಸ ಮುರಿಯುತ್ತ, ಪಕ್ಕದಲ್ಲಿ ಮುದುಕರಿಬ್ಬರು ಆಳೆತ್ತರದ ಚೆಸ್ ಕಾಯಿಗಳನ್ನು ತಳ್ಳುವುದನ್ನು ನೋಡುತ್ತ ಕೇಳಿಸಿಕೊಂಡ.

“ದಿನಾ ಸಾಯಂಕಾಲ ಹೋಗ್ತಾಳೆ ಕಣೋ.”

“ಬಾಗಿಲು ಹಾಕಿರುತ್ತಾ?”

“ಇಲ್ಲ, ತೆಗೆದೇ ಇರುತ್ತೆ. ನಾನು ಒಂದ್ಸಲ ಕಸದ ಡಬ್ಬ ಇಡೋಕೆ ಹೋದಾಗ ನೋಡ್ದೆ.”

“ಏನ್ ಮಾಡ್ತಿದ್ರು?”

“ಸತ್ತೋರ ಹೆಸರು ಓದ್ತಿದ್ರು.”

“ಸತ್ತೋರ ಹೆಸರು ಓದೋ ಹೆಂಡ್ತಿ ಮೇಲೆ ಹೊಟ್ಟೆಕಿಚ್ಚು ಪಡೋ ಗಂಡ ಈ ಸ್ಟೇಟ್‌ನಲ್ಲೇ ನೀನೊಬ್ಬನೇ ಗುರೂ. ಸಮೋಸ ತಗೋ.”

“ಅನುಮಾನ ಅಲ್ಲ ಖುರ್ಷಿದ್. ಅವಳು ನಗ್ತಾಳೆ. ಅಲ್ಲಿ ಕೂತು ನಗ್ತಾಳೆ.”

ಖುರ್ಷಿದ್ ಸಮೋಸ ಕೆಳಗಿಟ್ಟ. “ಓಹೋ. ಪಕ್ಕದ ಮನೇದು ಐರಿಷ್ಷು, ನಿಂದು ಈರ್ಷ್ಯೆ. ಸರಿಹೋಯ್ತು.”

“ಆ ಜೋಕು ನಾನು ಹೋದ ತಿಂಗಳೇ ಮಾಡಿದ್ದೆ. ಅವಳು ನಗಲಿಲ್ಲ.”

“ನೀನೂ ಹೋಗಿ ಕೂತ್ಕೊಳೋ.”

“ಕರೀಲಿಲ್ಲ.”

“ಕರೆದಿದ್ರು ಅಂದೆಯಲ್ಲ?”

“ಒಂದ್ಸಲ ಕರೆದ್ರು. ಕೆಲಸ ಇದೆ ಅಂದೆ. ಮರ್ಯಾದೆ ಇರೋರು ಇನ್ನೊಂದ್ಸಲ ಕರೀಬೇಕಪ್ಪ.”

“ಮೂರನೇ ಸಲಕ್ಕೆ ತಾಂಬೂಲ ಇಟ್ಟು ಕರೀಬೇಕಾ?” ಎಂದು ಖುರ್ಷಿದ್ ಕೈ ಒರೆಸಿಕೊಂಡ. “ಹೆಂಡ್ತಿಗೆ ಹೊಸದೊಂದು ಹುಚ್ಚು ಹಿಡಿದ್ರೆ ಗಂಡ ಆದೋನು ಎದುರಿಗೆ ಕೂತು ‘ಹೌದಾ? ಆಮೇಲೆ?’ ಅನ್ಬೇಕು. ನಮ್ಮ ಗೌಹರ್ ಹುಳಿ ಹಿಟ್ಟಿನ ಬ್ರೆಡ್ ಶುರು ಮಾಡಿದಾಗ ನಾನು ಆರು ತಿಂಗಳು ಹಿಟ್ಟಿನ ಆರೋಗ್ಯ ವಿಚಾರಿಸಿದೀನಿ.”

ಸುಹಾಸ ಅಲ್ಲಿಯೇ ಹಿಟ್ಟಿನ ಧ್ವನಿಯಲ್ಲಿ ಉಬ್ಬಿ ಉಬ್ಬಿ ಮಾತಾಡಿ ತೋರಿಸಿದ. ಖುರ್ಷಿದ್ ನಕ್ಕ. ಸಲಹೆ ಅಲ್ಲಿಗೆ ಮುಗಿಯಿತು.

ಮರುವಾರ ಯಾಮಿನಿ ಬಟ್ಟೆ ಮಡಚುತ್ತ ಸಹಜವಾಗಿಯೇ ಹೇಳಿದಳು: “ಜೂನ್‌ನಲ್ಲಿ ಕಾನರ್ ಕ್ಲೇರ್‌ಗೆ ಹೋಗ್ತಾನಂತೆ. ನಾವಿಬ್ರೂ ಬರ್ಬೇಕು ಅಂತಿದಾನೆ. ಹೋಗೋಣ್ವಾ? ಆ ಚರ್ಚಿಗೆ ಬರೆದಿದೀವಿ. ಅಲ್ಲಿ ಹಳೇ ವಿಷಯ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಮಾಡ್ತಾರೆ.”

ಬರೆದಿದೀವಿ. ಇಬ್ಬರೂ ಸೇರಿ. ಸುಹಾಸನಿಗೆ ಜೂನ್ ತಿಂಗಳ ಕ್ಲೇರ್ ಬಹಳ ಕ್ಲಿಯರಾಗಿ ಕಾಣಿಸಿತು: ಹಸಿರು ದಿಬ್ಬ, ಅದರ ಮೇಲೆ ಕೆಂಪು ಗಡ್ಡ, ಗಡ್ಡದ ಪಕ್ಕದಲ್ಲಿ ಗೊರಕ್.

ಅವನ ಆಫೀಸಿನಲ್ಲಿ ಯಾವ ತೊಂದರೆಗೂ ಒಂದೇ ಮದ್ದು. ಏನೋ ಒಂದು ಉತ್ತರ ಬರೆದು ಮುಗಿಯಿತೆಂದು ಗುರುತು ಹಾಕುವುದು. ಮುಗಿದದ್ದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಕಾನರನಿಗೆ ಬೇಕಾದದ್ದು ಒಂದು ಉತ್ತರ. ಉತ್ತರ ಸಿಕ್ಕಿದರೆ ಹುಡುಕಾಟ ಮುಗಿಯಿತು, ಲ್ಯಾಪ್‌ಟಾಪ್ ಮನೆಗೆ ಬಂತು, ಲ್ಯಾಪ್‌ಟಾಪಿನ ಹಿಂದೆ ಯಾಮಿನಿ ಬಂದಳು. ಅವನ ಬಳಿ ಉತ್ತರವೂ ಇತ್ತು: ಡೇನಿಯಲ್ ಮನೆ ಮೈಕೆಲ್. ಊಟದ ಹೊತ್ತಿನಲ್ಲಿ ಅವಳೇ ಹೇಳಿದ್ದಳಲ್ಲ. ಹೇಳುವ ಬಾಯಿಯೊಂದು ಐರ್ಲೆಂಡಿನಿಂದ ಬರಬೇಕಿತ್ತು, ಅಷ್ಟೆ.

ಒಂದು ವಾರ ಅವನು ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ಫಾದರ್ ಮಲಾಕಿಯನ್ನು ಸಾಕಿದ. ಎಂಬತ್ತರ ಆಸುಪಾಸು, ನಿವೃತ್ತ ಪಾದ್ರಿ, ಎದೆಯಲ್ಲಿ ಸ್ವಲ್ಪ ಕಫ, ರಕಾರಗಳಿಗೆಲ್ಲ ಚಕ್ರ ಕಟ್ಟಿದಂತೆ ಉರುಳುವ ಮಾತು, ವಾಕ್ಯದ ಕೊನೆ ಕೇಳುವವರ ಹೆಗಲ ಮೇಲೆ ಕೈ ಹಾಕಿದಂತೆ ಮೇಲಕ್ಕೇಳಬೇಕು. ಟ್ರಾಫಿಕ್ಕಿನಲ್ಲಿ ಪಕ್ಕದ ಕಾರಿನವರು ನೋಡಿ ಕಿಟಕಿ ಏರಿಸಿಕೊಂಡರು. ಇಷ್ಟು ಒಳ್ಳೆಯ ಧ್ವನಿ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಯಾಮಿನಿಗೆ ತೋರಿಸುವ ಹಾಗಿಲ್ಲವಲ್ಲ ಎಂಬುದೊಂದೇ ಸಂಕಟ.

ಶನಿವಾರ ಬೆಳಿಗ್ಗೆ ಯಾಮಿನಿ ಪಕ್ಕದ ಮನೆಗೆ ಹೋದ ಮೇಲೆ ಅವನು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಕಾರಿನೊಳಗೆ ಕೂತ. ಐರ್ಲೆಂಡಿನಲ್ಲಿ ಆಗ ಸಂಜೆ. ಅದನ್ನೆಲ್ಲ ಅವನು ಯೋಚಿಸಿಟ್ಟಿದ್ದ. ನಂಬರ್ ಕಾಣಿಸದ ಹಾಗೆ ಫೋನ್ ಮಾಡಿದ. ಗೋಡೆಯಾಚೆ ರಿಂಗಾದದ್ದು ಈಚೆಗೂ ಕೇಳಿಸಿತು.

ಫಾದರ್ ಮಲಾಕಿ ತಮ್ಮ ಪರಿಚಯ ಹೇಳಿಕೊಂಡರು. ನಿಮ್ಮ ಕಾಗದದ ವಿಷಯ ಚರ್ಚಿನವರು ಹೇಳಿದರು ಎಂದರು. ಕಾನರ್ ಎದ್ದು ನಿಂತನೆಂದು ಕಾಣುತ್ತದೆ. ಕುರ್ಚಿ ಸರಿದ ಸದ್ದಾಯಿತು. ಅವನು ಫೋನನ್ನು ಸ್ಪೀಕರಿಗೆ ಹಾಕಿ ಗಡಿಬಿಡಿಯಲ್ಲಿ ಎಲ್ಲ ಹೇಳತೊಡಗಿದ. ನನ್ನ ಅಪ್ಪ ಫ್ರಾನ್ಸಿಸ್ ಹೋದ ಚಳಿಗಾಲದಲ್ಲಿ ಹೋಗಿಬಿಟ್ಟರು ಫಾದರ್, ಇದನ್ನು ತಿಳಿಯಬೇಕೆಂದು ಅವರಿಗೆ ಬಹಳ ಆಸೆಯಿತ್ತು ಎಂದ.

“ಫ್ರಾನ್ಸಿಸ್,” ಎಂದರು ಫಾದರ್ ಮಲಾಕಿ, ರಕಾರವನ್ನು ಮೆಲ್ಲಗೆ ಉರುಳಿಸಿ. “ನಾಳೆ ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ಅವರ ಹೆಸರು ಹೇಳುತ್ತೇನೆ, ಮಗೂ.”

ಇದು ವಾರದ ತಾಲೀಮಿನಲ್ಲಿ ಇರಲಿಲ್ಲ. ಧ್ವನಿ ತಾನಾಗಿ ಹೇಳಿಬಿಟ್ಟಿತು. ಆ ಕಡೆ ಕಾನರ್ ಏನೋ ಹೇಳಲು ಹೋಗಿ ಹೇಳಲಾಗದೆ, ಕಡೆಗೆ “ಥ್ಯಾಂಕ್ಯೂ ಫಾದರ್” ಎಂದ. ಸುಹಾಸನಿಗೆ ಒಂದು ಕ್ಷಣ ಫೋನ್ ಇಟ್ಟುಬಿಡೋಣ ಎನಿಸಿತು. ಅಷ್ಟರಲ್ಲಿ ಯಾಮಿನಿ “ಕೂತ್ಕೋ ಕಾನರ್” ಎಂದು ಮೃದುವಾಗಿ ಹೇಳಿದ್ದು ಕೇಳಿಸಿತು. ಆ ಮೃದುತ್ವ ಫಾದರ್ ಮಲಾಕಿಯನ್ನು ಮುಂದಕ್ಕೆ ತಳ್ಳಿತು.

“ನಿಮ್ಮ ಮೈಕೆಲ್ ಡೇನಿಯಲನ ಮಗ,” ಎಂದರು. “ಸಂಶಯವೇ ಇಲ್ಲ. ನನ್ನ ಅಜ್ಜಿ ಹೇಳುತ್ತಿದ್ದರು.”

“ಆದರೆ ಫಾದರ್, ಬ್ರಿಜೆಟ್‌ಳ ತಾಯಿ ಹೊನೋರಾ ಅದೇ ಡೇನಿಯಲನ ಮಗಳಲ್ಲವೆ?” ಎಂದ ಕಾನರ್.

“ಹೌದು ಮತ್ತೆ. ಮೈಕೆಲ್ ಅವಳ ತಾಯಿಯ ತಮ್ಮ. ಸ್ವಂತ ಮಾವ ಇರುವಾಗ ಹುಡುಗಿಯನ್ನು ಹೊರಗೆ ಯಾಕೆ ಕೊಡಬೇಕು? ಮನೆಯ ಮಗಳು ಮನೆಯಲ್ಲೇ ಇರಲಿ ಎಂದು ಡೇನಿಯಲ್ ಅಜ್ಜನೇ ಮುಂದೆ ನಿಂತು ಮದುವೆ ಮಾಡಿಸಿದ. ಊರೆಲ್ಲ ಎಷ್ಟು ಸಂತೋಷಪಟ್ಟಿತ್ತು!”

ಇದನ್ನು ಹೇಳುವಾಗ ಸುಹಾಸನ ಧ್ವನಿ ಒಂದಿಷ್ಟೂ ಅಳುಕಲಿಲ್ಲ. ಅಳುಕುವಂಥದ್ದು ಅದರಲ್ಲಿ ಏನಿತ್ತು? ಅವನ ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಅಪ್ಪನ ಅಮ್ಮ ಅವನಿಗೆ ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಹಬ್ಬಕ್ಕೆ ಎರಡೆರಡು ಸಲ ಕಾಲಿಗೆ ಬಿದ್ದು ಎರಡೆರಡು ಸಲ ಕಾಸು ಕಿತ್ತವನು ಅವನು. ಒಂದು ತೊಡಕನ್ನು ಇಷ್ಟು ಚೊಕ್ಕವಾಗಿ ಬಿಡಿಸಿದೆನಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಆ ಕಡೆಯಿಂದ ಈಗ ಯಾಮಿನಿಯ ಧ್ವನಿ ಕೇಳಿಸಿತು. ಬಹಳ ವಿನಯದ ಇಂಗ್ಲಿಷು.

“ಫಾದರ್, ನನ್ನದೊಂದು ಸಣ್ಣ ಪ್ರಶ್ನೆ. ಮದುವೆಯಲ್ಲಿ ಹುಡುಗಿಯನ್ನು ಕರೆದುಕೊಂಡು ಬಂದು ನಿಲ್ಲಿಸಬೇಕಾದವನು ಮಾವ. ಆ ಮಾವನೇ ಗಂಡಾಗಿ ನಿಂತಿದ್ದರೆ ಅವಳನ್ನು ಯಾರು ಕರೆತಂದರು?”

“ಯಾಕೆ, ದೊಡ್ಡ ಮಾವ ಇದ್ದನಲ್ಲ!” ಎಂದರು ಫಾದರ್ ಮಲಾಕಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ.

“ಥ್ಯಾಂಕ್ಯೂ ಫಾದರ್,” ಎಂದಳು ಯಾಮಿನಿ. ಫೋನ್ ಕಟ್ಟಾಯಿತು.

ಸುಹಾಸ ಸ್ಟಿಯರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೂತಿದ್ದ. ಕೆಲಸ ಮುಗಿದಿತ್ತು. ಆಗ ಗ್ಯಾರೇಜಿನ ಬಾಗಿಲು ಗೊರಗೊರ ಎಂದು ಮೇಲೇಳತೊಡಗಿತು. ಮೊದಲು ಬೆಳಕು ಬಂತು, ಬೆಳಕಿನಲ್ಲಿ ಯಾಮಿನಿಯ ಚಪ್ಪಲಿ ಬಂತು, ಆಮೇಲೆ ಉಳಿದ ಯಾಮಿನಿ. ಅವಳು ಕಾರಿನ ಮುಂದೆ ನಿಂತು ಹೇಳಿದಳು:

“ಫಾದರ್, ಇಳೀರಿ ಕೆಳಗೆ.”

ಸುಹಾಸ ಇಳಿದ. ನಗಿಸಿಬಿಟ್ಟರೆ ಪಾರಾದೇನೆಂದು ಕಫದ ಧ್ವನಿ ತೆಗೆದು “ಮಗೂ...” ಎಂದ.

“ಆ ಧ್ವನಿ ಬೇಡ.”

“ಹೇಗೆ ಗೊತ್ತಾಯ್ತು?”

“ಹುಡುಗೀನ ಸೋದರಮಾವನಿಗೆ ಕೊಟ್ಟೆ. ಅವಳನ್ನ ಮಂಟಪಕ್ಕೆ ಕರ್ಕೊಂಡು ಬರೋಕೆ ಇನ್ನೊಬ್ಬ ಸೋದರಮಾವನ್ನ ಹುಡುಕಿದೆ. ವಾಲಗದವರನ್ನೊಂದು ಕರೆಸಲಿಲ್ಲ. ಕ್ಲೇರ್‌ನಲ್ಲಿ ಯಾವ ಪಾದ್ರಿ ಕಣೋ ಹಂಗೆ ಹೇಳ್ತಾನೆ?”

“ಅದ್ರಲ್ಲಿ ತಪ್ಪೇನು? ನಮ್ಮಮ್ಮ...”

“ನಿಮ್ಮಮ್ಮನ ಮದುವೆ ಆಗಿದ್ದು ಮೈಸೂರಲ್ಲಿ! ಅವರಲ್ಲಿ ಅದು ಆಗೋ ಹಾಗೇ ಇಲ್ಲ. ಚರ್ಚು ಒಪ್ಪಲ್ಲ, ಕಾನೂನು ಒಪ್ಪಲ್ಲ, ಅಪ್ಪ ಮಗಳನ್ನ ಮದುವೆಯಾದ ಅನ್ನೋ ಹಾಗೆ ನೋಡ್ತಾರೆ. ಅದಕ್ಕೇ ಅವತ್ತು ‘ಆದ್ರೆ’ ಅಂದಿದ್ದು ನಾನು. ಹೆಸರು ನೋಡಿದ್ರೆ ಡೇನಿಯಲ್ ಮನೆ ಮೈಕೆಲ್, ಸಂಬಂಧ ನೋಡಿದ್ರೆ ಅವನು ಆಗೋಕೇ ಸಾಧ್ಯ ಇಲ್ಲ. ಇಷ್ಟು ದಿನದಿಂದ ನಾವು ತಲೆ ಕೆರ್ಕೊಳ್ತಿರೋದೇ ಅದು.”

ಸುಹಾಸನಿಗೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. “ಕಾನರ್ ಏನ್ಮಾಡ್ತಿದಾನೆ?”

“ಮೆಟ್ಟಿಲ ಮೇಲೆ ಕೂತಿದಾನೆ. ಅಪ್ಪ ಇದನ್ನ ಕೇಳದೆ ಸತ್ತಿದ್ದೇ ಒಳ್ಳೇದಾಯ್ತು ಅಂದ.”

ಹೊರಗೆ ಯಾರದೋ ನಾಯಿ ಬೊಗಳಿತು. ಸುಹಾಸ ಅದನ್ನು ಅನುಕರಿಸಲಿಲ್ಲ.

“ಯಾಕೆ ಮಾಡ್ದೆ ಇದನ್ನ?”

“ನೀನು ಅಲ್ಲಿ ನಗ್ತೀಯ,” ಎಂದ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತೆಂದು ಅವನಿಗೇ ಕೇಳಿಸಿತು. “ಇಲ್ಲಿ ನಗಲ್ಲ. ಅವನು ಏನ್ ಹೇಳಿ ನಗಿಸ್ತಾನೆ ನಿನ್ನ?”

“ಅವನಾ? ಅವನ ಒಂದು ಜೋಕಾದ್ರೂ ಚೆನ್ನಾಗಿದ್ರೆ ತಾನೇ? ನಾನು ಹೇಳೋ ಜೋಕಿಗೆ ನಾನೇ ನಗ್ತೀನಿ.”

“ನೀನು ಜೋಕ್ ಹೇಳ್ತೀಯಾ?”

ಯಾಮಿನಿ ಅವನನ್ನು ಬಹಳ ಹೊತ್ತು ನೋಡಿದಳು. “ಮದುವೆಯಾದಾಗಿಂದ ನಂದು ಮುಂದಿನ ಸಾಲಿನ ಸೀಟು ಸುಹಾಸ್. ಚಪ್ಪಾಳೆ ತಟ್ಟೋದು, ಮನೆಗೆ ಬರೋದು. ಅಲ್ಲಿ ನಾನೊಂದು ಮಾತು ಶುರು ಮಾಡಿದ್ರೆ ಅದು ಮುಗಿಯುತ್ತೆ. ಅಷ್ಟೇ ವ್ಯತ್ಯಾಸ.”

ಅವಳು ಇದನ್ನು ಸಿಟ್ಟಿನಿಂದ ಹೇಳಿದ್ದರೆ ಅವನು ಸಿಟ್ಟಿನಿಂದಲೇ ಏನಾದರೂ ಅನ್ನಬಹುದಿತ್ತು. ಹವಾಮಾನ ಹೇಳಿದಂತೆ ಹೇಳಿದಳು. ಸುಹಾಸನಿಗೆ ಅವಮಾನಕ್ಕಿಂತ ಮೊದಲು ಉರಿದದ್ದು ಬೇರೆಯದೇ: ಯಾಮಿನಿಯ ಜೋಕುಗಳು ಆ ಕೆಂಪು ಗಡ್ಡಕ್ಕೆ ಗೊತ್ತು. ತನಗೆ ಒಂದೂ ಗೊತ್ತಿಲ್ಲ. ಇಷ್ಟು ದಿನ ಅವನು ಹೊಟ್ಟೆಕಿಚ್ಚು ಪಟ್ಟದ್ದು ತಪ್ಪು ಕಾರಣಕ್ಕೆ. ಸರಿಯಾದ ಕಾರಣ ಇನ್ನೂ ಹೆಚ್ಚು ಸುಡುತ್ತಿತ್ತು.

“ಹೋಗು,” ಎಂದಳು. “ಕಾಯ್ತಿದಾನೆ, ನಾನು ಏನೂ ಹೇಳಿಲ್ಲ. ನೀನೇ ಹೇಳು. ನಿನ್ನ ಗಂಟಲಲ್ಲಿ.”

ಕಾನರ್ ಮನೆಯೊಳಗಿನ ಮೆಟ್ಟಿಲ ಮೇಲೆಯೇ ಇದ್ದ. ಸುಹಾಸ ಹೊಸ್ತಿಲಲ್ಲಿ ನಿಂತು ಹೇಳಿದ. ಯಾವ ಧ್ವನಿಯೂ ಸಹಾಯಕ್ಕೆ ಬರಲಿಲ್ಲ. ಸ್ವಂತದ್ದು ಅಭ್ಯಾಸ ತಪ್ಪಿದ ಹಾಗೆ ಅಲ್ಲಲ್ಲಿ ಕೀರಲಾಯಿತು. ಫಾದರ್ ಮಲಾಕಿ ಇಲ್ಲ, ಅವರ ಅಜ್ಜಿಯೂ ಇಲ್ಲ, ಮೈಕೆಲ್ ಯಾರ ಮಗನೆಂದು ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ನಡೆಯುವುದನ್ನು ನಿಮ್ಮ ಮನೆಗೆ ಅಂಟಿಸಿದೆ ಎಂದ. ಯಾಕೆ ಎಂದು ಕಾನರ್ ಕೇಳಲಿಲ್ಲ. ಬಾಗಿಲಾಚೆ ನಿಂತಿದ್ದ ಯಾಮಿನಿಯನ್ನು ಒಮ್ಮೆ, ಸುಹಾಸನನ್ನು ಒಮ್ಮೆ ನೋಡಿದ. ತಿಳಿಯಿತೆಂದು ಕಾಣುತ್ತದೆ, ಗಡ್ಡದಷ್ಟೇ ಕೆಂಪಗೆ ಮುಖವೂ ಆಯಿತು.

“ಹಾಗಾದರೆ ನಾಳೆ ಪೂಜೆಯಲ್ಲಿ ಅಪ್ಪನ ಹೆಸರು ಹೇಳುವುದಿಲ್ಲ,” ಎಂದ ಕಾನರ್. ಪ್ರಶ್ನೆಯಲ್ಲ. ತನಗೆ ತಾನೇ ತಿದ್ದಿಕೊಂಡಂತಿತ್ತು.

ಮಿಕ್ಕದ್ದಕ್ಕೆಲ್ಲ ಸುಹಾಸನ ಬಳಿ ಏನಾದರೂ ಒಂದು ಸಮಜಾಯಿಷಿ ಇತ್ತು. ಇದಕ್ಕೆ ಇರಲಿಲ್ಲ.

ಕಾನರ್ ಎದ್ದು ಒಳಗೆ ಹೋದ. ಇನ್ನು ಹೊರಗೆ ಬರುವುದಿಲ್ಲವೆಂದುಕೊಂಡರೆ ಒಂದು ಬಕೆಟ್ಟು, ಎರಡು ಮೆತ್ತನೆಯ ಬ್ರಷ್ಷು ತಂದು ಸುಹಾಸನ ಕಾಲ ಬಳಿ ಇಟ್ಟ. “ನಾಳೆ ಗಣಿ ಬೆಟ್ಟದ ಸ್ಮಶಾನಕ್ಕೆ ಹೋಗುತ್ತಿದ್ದೇವೆ. ಮೈಕೆಲ್‌ನ ಕಲ್ಲಿಗೆ ಕೆಳಗಿನಿಂದ ಅರ್ಧದವರೆಗೆ ಪಾಚಿ ಹಿಡಿದಿದೆ. ಉಜ್ಜಲು ಒಪ್ಪಿಗೆ ಸಿಕ್ಕಿದೆ. ಉಜ್ಜುವವನು ನೀನು.”

ಭಾನುವಾರ ಬೆಟ್ಟದ ಮೇಲೆ ಸಣ್ಣ ಹನಿ. ಸ್ಮಶಾನದ ಹುಲ್ಲು ಮೊಣಕಾಲಿಗೆ ತಾಗುತ್ತಿತ್ತು. ಸುಹಾಸ ಮಂಡಿಯೂರಿ ಕೂತು, ನೀರು ಚಿಮುಕಿಸಿ, ಬ್ರಷ್ಷಿನಿಂದ ಮೆಲ್ಲಗೆ ಪಾಚಿ ಬಿಡಿಸಿದ. ಯಾಮಿನಿ ಮತ್ತು ಕಾನರ್ ಒಂದೇ ಛತ್ರಿಯಡಿ ಬಗ್ಗಿ ನಿಂತಿದ್ದರು. ಯಾಮಿನಿ ಏನೋ ಪಿಸುಗುಟ್ಟಿದಳು. ಕಾನರ್ ತಡೆಯಲಾರದೆ ನಕ್ಕ. ಅವಳೂ ಗೊರಕ್ ಎಂದಳು. ಏನೆಂದು ಸುಹಾಸನಿಗೆ ಕೇಳಿಸಲಿಲ್ಲ. ಬ್ರಷ್ಷಿನ ಸದ್ದು ನಿಲ್ಲಿಸಿ ಕೇಳುವ ಹೊತ್ತಿಗೆ ಮುಗಿದಿತ್ತು. ಅವನು ಇನ್ನಷ್ಟು ಮೆಲ್ಲಗೆ ಉಜ್ಜತೊಡಗಿದ.

ಮೇಲೆ ಮೈಕೆಲ್, ಬ್ರಿಜೆಟ್ ಎಂದಿದ್ದುದು ಎಲ್ಲರಿಗೂ ಗೊತ್ತಿತ್ತು. ಅದರ ಕೆಳಗೆ, ಹಸಿರೆಲ್ಲ ಹೋದ ಮೇಲೆ, ಸಣ್ಣ ಅಕ್ಷರಗಳ ಒಂದು ಸಾಲು ಎದ್ದಿತು. ಬೆರಳಿಟ್ಟು ಸುಹಾಸನೇ ಓದಿದ.

“ಲಾರೆನ್ಸ್. ಮೊದಲ ಮಗ. ಎಂಟು ತಿಂಗಳ ಕೂಸು.”

ಕಾನರ್ ಛತ್ರಿಯನ್ನು ಯಾಮಿನಿಯ ಕೈಗೆ ಕೊಟ್ಟು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಆ ಹೆಸರಿನ ಮೇಲೆ ಅಂಗೈ ಇಟ್ಟ. ದೊಡ್ಡ ಅಂಗೈ, ಸಾಲು ಪೂರ್ತಿ ಮುಚ್ಚಿಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಯಾರ ಮುಖವನ್ನೂ ನೋಡದೆ ಎದ್ದು, ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿದ್ದರೂ ಅದನ್ನು ಚೆಲ್ಲಿ, ನೀರು ತರುತ್ತೇನೆಂದು ಗೇಟಿನ ಕಡೆಗೆ ನಡೆದ.

ಯಾಮಿನಿ ಕಣ್ಣೊರೆಸಿಕೊಂಡಳು. ಹೇಳಿಕೊಳ್ಳಲು ಅಲ್ಲಿ ಇದ್ದವನು ಸುಹಾಸನೊಬ್ಬ. ಅವಳು ಅವನ ಕಡೆ ತಿರುಗಿ, ಹೇಳಲೋ ಬೇಡವೋ ಎಂಬಂತೆ ನಿಂತಳು.

ಸುಹಾಸನ ನಾಲಿಗೆಯ ತುದಿಯಲ್ಲಿ ಒಂದಲ್ಲ, ಮೂರು ಮಾತು ಸಿದ್ಧವಾಗಿದ್ದವು. ಮೂರೂ ಚೆನ್ನಾಗಿದ್ದವು. ಅವನು ಬ್ರಷ್ಷನ್ನು ಹುಲ್ಲಿನ ಮೇಲಿಟ್ಟ.

“ಹೇಳು,” ಎಂದ.

“ಡೇನಿಯಲ್ ಮೊದಲನೇ ಮಗ ಅಲ್ಲ ಕಣೋ. ಅವನಿಗಿಂತ ಮುಂಚೆ ಇದೊಂದು ಮಗು ಹುಟ್ಟಿ ಹೋಗಿದೆ. ಎಲ್ಲೂ ಬರೆಸೋ ಮೊದಲೇ ಹೋಗಿದೆ, ಅದಕ್ಕೇ ನಮಗೆ ಸಿಕ್ಕಿರಲಿಲ್ಲ. ಅಪ್ಪನ ಅಪ್ಪನ ಹೆಸರು ಇದಕ್ಕೆ ಇಟ್ಟಿದ್ರು. ಅಂದ್ರೆ ನಮ್ಮ... ಅಂದ್ರೆ ಕಾನರ್‌ನ ಮೈಕೆಲ್, ಲಾರೆನ್ಸ್‌ನ ಮಗ. ಬ್ರಿಜೆಟ್‌ಗೆ ಮಾವ ಅಲ್ಲ, ಯಾರೂ ಅಲ್ಲ. ಬೇರೆ ಟಿಯರ್ನಿ ಮನೆ ಹುಡುಗ. ಪ್ರೀತಿ ಮಾಡಿದ್ನೋ ಏನೋ.”

“ಹೌದಾ? ಮತ್ತೆ ಡೇನಿಯಲ್ ಅನ್ನೋ ಹೆಸರು ಎಲ್ಲಿಂದ ಬಂತು?”

ಯಾಮಿನಿ ಅವನನ್ನು ಅನುಮಾನದಿಂದ ನೋಡಿದಳು. ಕೇಳಿದವನು ಗಂಡನೇ, ಧ್ವನಿಯೂ ಅವನದೇ.

“ಅದೇ ನೋಡು ಮಜಾ,” ಎಂದು ಒದ್ದೆ ಕಲ್ಲಿನಂಚಿನಲ್ಲೇ ಕೂತಳು. “ಬ್ರಿಜೆಟ್‌ಗೆ ಅಪ್ಪ ಬೇಗ ಹೋಗಿದ್ದ. ಸಾಕಿದ್ದು ಅಮ್ಮನ ಅಪ್ಪ ಡೇನಿಯಲ್. ಎರಡನೇ ಮಗನಿಗೆ ಅಮ್ಮನ ಅಪ್ಪನ ಹೆಸರಿಡೋದು ಅವರ ಪದ್ಧತಿ, ಅವಳು ಆ ಜಾಗದಲ್ಲಿ ಸಾಕಿದ ತಾತನ ಹೆಸರಿಟ್ಲು ಅಂತ ನಂಗನ್ಸುತ್ತೆ. ಅದಕ್ಕೆ ಊರಲ್ಲಿ ಏನೇನ್ ಮಾತು ಬಂದಿರುತ್ತೆ ಗೊತ್ತಾ?”

ಅವಳು ಕೈಯಾಡಿಸುತ್ತ ಹೇಳುತ್ತ ಹೋದಳು. ಛತ್ರಿ ಒಂದು ಕಡೆ ವಾಲಿ ಹನಿಗಳೆಲ್ಲ ಸುಹಾಸನ ಕತ್ತಿನೊಳಗೆ ಇಳಿಯುತ್ತಿದ್ದವು. ಅವನು ಅಲುಗದೆ ಕೂತು ಕೇಳಿದ. ಗೇಟಿನ ಬಳಿ ಕಾನರ್ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಬೆನ್ನು ಹಾಕಿ ನಿಂತಿದ್ದ. ಬಕೆಟ್ಟು ಆಗಲೇ ತುಂಬಿ ಹರಿಯುತ್ತಿತ್ತು. ನೋಡಬೇಡ, ಇನ್ನೂ ಸ್ವಲ್ಪ ಹೊತ್ತು ತುಂಬಲಿ ಬಿಡು ಎಂದು ಸುಹಾಸ ಮನಸ್ಸಿನಲ್ಲೇ ಆ ಕೆಂಪು ತಲೆಗೆ ಹೇಳಿ, ಹೆಂಡತಿಯ ಕಡೆಗೆ ಇನ್ನಷ್ಟು ಸರಿದು ಕೂತ.

“ಆಮೇಲೆ?” ಎಂದ.